ಪೆರ್ಲದ ಟೀಚರಿಗೆ ಓದುಗರ ಪತ್ರಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡಿನ ಬಗ್ಗೆಯೇ ಇವೆ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವಳು, ಪೆರ್ಲ ನಮ್ಮ ಪೇಟೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳ. ಹೀಗೇ ಬದುಕು ನಡೆದಿದೆ.

ಟೀಚರ್, ರಜೆಯಲ್ಲಿ ಮಕ್ಕಳ ಜೊತೆ ಬೇಕಲ ಕೋಟೆ ನೋಡಲು ಬರುತ್ತಿದ್ದೇವೆ. ಎರಡು ದಿನ ಇದೆ. ಬೇರೆ ಏನು ನೋಡಬೇಕು? ಕನ್ನಡ ಮಾತಾಡಿದರೆ ನಡೆಯುತ್ತದಾ?
— ಶಿವಮೊಗ್ಗದ ಓದುಗರು

ಶಿವಮೊಗ್ಗದವರು ಬೇಕಲಕ್ಕೆ ಬರುವುದೆಂದರೆ ನಿಮ್ಮದೇ ನಾಡಿನ ಅರಸರ ಕೋಟೆಗೆ ಬಂದಂತೆ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಅದನ್ನು ಕಟ್ಟಿಸಿದರು ಎನ್ನುತ್ತಾರೆ. ಚಂದ್ರಗಿರಿ ಕೋಟೆಯೂ ಕೆಳದಿಯವರದೇ. ಆಮೇಲೆ ಹೈದರ್, ಟಿಪ್ಪು, ಕಂಪನಿ ಸರ್ಕಾರ ಎಲ್ಲರ ಕೈಗೂ ಅದು ಹೋಗಿಬಂತು. ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಬನ್ನಿ. ಇಲ್ಲದಿದ್ದರೆ ಕಡಲಿನ ಎದುರು ಫೋಟೋ ತೆಗೆದುಕೊಂಡು ವಾಪಸ್ ಹೋಗುತ್ತಾರೆ ಅಷ್ಟೆ.

ನನ್ನ ಸಲಹೆ ಏನೆಂದರೆ, ಬೇಕಲವನ್ನು ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಮೊದಲ ದಿನ ಮಂಗಳೂರಿನಿಂದ ತಲಪಾಡಿ ದಾಟಿ ಮಂಜೇಶ್ವರದಲ್ಲಿ ಇಳಿಯಿರಿ. ಗೋವಿಂದ ಪೈಗಳ ಮನೆ ಇರುವ ಜಾಗ, ‘ಗಿಳಿವಿಂಡು’ ಸ್ಮಾರಕ ಅಲ್ಲಿದೆ. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದರಾಸು ಸರ್ಕಾರ. ಆಗ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ಒಂದೇ ಊರು, ಮೂರು ರಾಜ್ಯಗಳ ಕಥೆ ಅಲ್ಲಿ ನಿಂತರೆ ಅರ್ಥವಾಗುತ್ತದೆ. ಮುಂದೆ ಕುಂಬಳೆ. ತೆಂಕುತಿಟ್ಟು ಯಕ್ಷಗಾನದ ಮೂಲಪುರುಷ ಎಂದು ನಾವು ನೆನೆಯುವ ಪಾರ್ತಿಸುಬ್ಬನ ಊರು. ಹತ್ತಿರದಲ್ಲೇ ಅನಂತಪುರ, ಕೆರೆಯ ನಡುವೆ ದೇವಸ್ಥಾನ. ಅಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರಲ್ಲಿ ತೀರಿಕೊಂಡಿತು. ಮಣ್ಣು ಮಾಡುವ ದಿನ ಊರಿಗೆ ಊರೇ ಸೇರಿತ್ತು. ಸಂಜೆಗೆ ಮಧೂರು. ಮಧುವಾಹಿನಿ ಹೊಳೆಯ ದಂಡೆಯಲ್ಲಿ ತಾಮ್ರದ ಮಾಡಿನ ಆ ದೇವಸ್ಥಾನವನ್ನು ಬೆಳಕಿರುವಾಗಲೇ ನೋಡಬೇಕು.

ಎರಡನೇ ದಿನ ಬೇಕಲ ಮುಗಿಸಿ ಬಂದ ದಾರಿಯಲ್ಲೇ ಹಿಂತಿರುಗಬೇಡಿ. ಹೆದ್ದಾರಿಯಲ್ಲಿ ಊರು ಕಾಣುವುದೇ ಇಲ್ಲ. ಚೆರ್ಕಳದಲ್ಲಿ ಒಳಗೆ ತಿರುಗಿ, ಎಡನೀರು, ಬದಿಯಡ್ಕ, ಪೆರ್ಲ, ಅಡ್ಕಸ್ಥಳ, ಸಾರಡ್ಕ, ವಿಟ್ಲ, ಕಲ್ಲಡ್ಕ ಎಂದು ಹೋಗಿ. ಅಡಿಕೆ ತೋಟ, ಗೇರು ಗುಡ್ಡ, ಭಜನಾ ಮಂದಿರ, ಮಸೀದಿ, ಕನ್ನಡ ಶಾಲೆ ಎಲ್ಲವೂ ರಸ್ತೆ ಬದಿಯಲ್ಲೇ ಸಿಗುತ್ತವೆ. ನವೆಂಬರ್‌ನಿಂದ ಮೇ ವರೆಗೆ ಯಕ್ಷಗಾನ ಮೇಳಗಳ ತಿರುಗಾಟ ಇರುತ್ತದೆ. ರಾತ್ರಿ ಎಲ್ಲಾದರೂ ಆಟ ಇದೆಯಾ ಎಂದು ಅಂಗಡಿಯಲ್ಲಿ ಕೇಳಿ.

ಭಾಷೆಯ ಬಗ್ಗೆ ಚಿಂತೆ ಬೇಡ. ಮಂಜೇಶ್ವರ, ಬದಿಯಡ್ಕ ಕಡೆ ಕನ್ನಡ ಸಲೀಸು. ಕಾಸರಗೋಡು ಪೇಟೆಯಲ್ಲಿ ಮಲಯಾಳ ಜಾಸ್ತಿ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕನ್ನಡ ಬಲ್ಲವರು ಕಡಿಮೆ. ಆದರೂ ಮಾತು ಕನ್ನಡದಲ್ಲೇ ಶುರು ಮಾಡಿ. ಎದುರಿನವರಿಗೆ ಬರುತ್ತಿದ್ದರೆ ಅವರೂ ಕನ್ನಡಕ್ಕೆ ಬರುತ್ತಾರೆ. ನೀವೇ ಮೊದಲು ಇಂಗ್ಲಿಷ್ ತೆಗೆದರೆ, ಗಲ್ಲಾದಲ್ಲಿ ಕೂತ ಕನ್ನಡದ ಹುಡುಗನೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ.

ಕಾಸರಗೋಡಿನಲ್ಲಿ ಕನ್ನಡಿಗರು ಶೇಕಡಾ 5ರಷ್ಟೂ ಇಲ್ಲ ಎಂದು ಎಲ್ಲೋ ಓದಿದೆ. ಹಾಗಿದ್ದರೆ ಇಷ್ಟೊಂದು ಗಲಾಟೆ ಯಾಕೆ?
— ಹುಬ್ಬಳ್ಳಿಯ ಓದುಗರು

ನೀವು ಓದಿದ್ದು ಸರಿಯಾದ ಲೆಕ್ಕವೇ. ಆದರೆ ಅದನ್ನು ಬಿಡಿಸಿ ನೋಡಬೇಕು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 13 ಲಕ್ಷ. ಅದರಲ್ಲಿ ಹೊಸದುರ್ಗ, ವೆಳ್ಳರಿಕುಂಡು ತಾಲ್ಲೂಕುಗಳೂ ಸೇರಿವೆ. ಅಲ್ಲಿ ಮಲಯಾಳವೇ ಪ್ರಧಾನ. ಕನ್ನಡದವರು ಒತ್ತಾಗಿರುವುದು ಮಂಜೇಶ್ವರ ತಾಲ್ಲೂಕು ಮತ್ತು ಕಾಸರಗೋಡು ತಾಲ್ಲೂಕಿನ ಒಂದಷ್ಟು ಪಂಚಾಯತಿಗಳಲ್ಲಿ. ಇಡೀ ಜಿಲ್ಲೆಯ ಸರಾಸರಿ ತೆಗೆದರೆ ಆ ಪಂಚಾಯತಿಗಳು ಕಾಣೆಯಾಗುತ್ತವೆ.

ಇನ್ನೊಂದು ಮುಖ್ಯ ಸಂಗತಿ. ಜನಗಣತಿಯವರು ಕೇಳುವುದು ಮಾತೃಭಾಷೆ. ನಮ್ಮ ಮನೆಗೆ ಬಂದಾಗ ನಾವು ತುಳು ಎಂದೆವು. ಪಕ್ಕದ ಮನೆಯವರು ಮರಾಠಿ ಎಂದರು. ಆಚೆಗೆ ಕೊಂಕಣಿ, ಬ್ಯಾರಿ, ಉರ್ದು. ಈ ಮನೆಗಳಲ್ಲಿ ಎಷ್ಟೋ ಮಕ್ಕಳು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮದುವೆ ಕಾಗದ ಅಚ್ಚು ಹಾಕಿಸುವುದು ಕನ್ನಡದಲ್ಲಿ. ಸೊಸೈಟಿಯ ವರದಿ, ಭಜನೆ, ಆಟದ ಕರಪತ್ರ ಎಲ್ಲ ಕನ್ನಡದಲ್ಲಿ. ನನ್ನ ತರಗತಿಯಲ್ಲಿ ಮನೆಯಲ್ಲಿ ಕನ್ನಡವನ್ನೇ ಮಾತಾಡುವ ಮಕ್ಕಳು ಯಾವತ್ತೂ ಕೆಲವರೇ. ಆದರೆ ಭಾಗಾಕಾರದ ಲೆಕ್ಕವನ್ನು ಎಲ್ಲರೂ ಕನ್ನಡದಲ್ಲೇ ಮಾಡುತ್ತಿದ್ದರು. ಅವರನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ? ಕನ್ನಡ ಇಲ್ಲಿ ಹಲವು ಮನೆಮಾತುಗಳವರು ಸೇರಿ ಬಳಸುವ ಓದುಬರಹದ ಭಾಷೆ. ಆ ಲೆಕ್ಕ ಜನಗಣತಿಯಲ್ಲಿ ಸಿಗುವುದಿಲ್ಲ.

ನಿಮ್ಮ ಅಂಕಣ ಓದುತ್ತಾ ಬಂದಿದ್ದೇನೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು ನೀವು ಒಮ್ಮೆಯೂ ಬರೆದಿಲ್ಲ. ಹೆದರಿಕೆಯಾ?
— ಬೆಂಗಳೂರಿನ ಒಬ್ಬ ಯುವ ಓದುಗ

ಹೆದರಿಕೆ ಇಲ್ಲ ಮಗಾ. ಕೇಳಿದ್ದೀಯಲ್ಲ, ಪೂರ್ತಿ ಹೇಳುತ್ತೇನೆ.

1956ರ ನವೆಂಬರ್ 1ರಂದು ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಅದಕ್ಕೆ ಮೊದಲೇ ಹೋರಾಟ ಶುರುವಾಗಿತ್ತು. ನಮ್ಮ ಹಿರಿಯರು ಅದನ್ನು ಕೈಯಿಂದ ಜಾರಿದ ಮನೆಯ ವಿಷಯದಂತೆ ಹೇಳುತ್ತಿದ್ದರು. 1957ರಲ್ಲಿ ಕೇರಳದ ಮೊದಲ ವಿಧಾನಸಭಾ ಚುನಾವಣೆ ನಡೆದಾಗ ಮಂಜೇಶ್ವರದಲ್ಲಿ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಗೆದ್ದರು. ಎದುರು ನಿಲ್ಲಲು ಯಾರೂ ಬರಲಿಲ್ಲ. ಊರಿನ ಮನಸ್ಸು ಆಗ ಹೇಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನಂತರ ಕೆ. ಮಹಾಬಲ ಭಂಡಾರಿ ಅದೇ ಬೇಡಿಕೆ ಹಿಡಿದು ಗೆದ್ದು ತಿರುವನಂತಪುರಕ್ಕೆ ಹೋದರು.

1966ರಲ್ಲಿ ಮಹಾಜನ್ ಆಯೋಗ ಬಂತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಮೆಹರ್ ಚಂದ್ ಮಹಾಜನ್ ಒಬ್ಬರದೇ ಆಯೋಗ. 1967ರ ಆಗಸ್ಟಿನಲ್ಲಿ ವರದಿ ಕೊಟ್ಟರು. ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದರು. ಕೇರಳ ಒಪ್ಪಲಿಲ್ಲ. ಬೆಳಗಾವಿ ಸಿಗದ ಕಾರಣ ಮಹಾರಾಷ್ಟ್ರವೂ ಅದೇ ವರದಿಯನ್ನು ತಿರಸ್ಕರಿಸಿತು. ಬೆಳಗಾವಿಯ ಕಟ್ಟಿನಲ್ಲಿ ಕಾಸರಗೋಡೂ ಸಿಕ್ಕಿಕೊಂಡಿತು. ಶಿಫಾರಸು ಜಾರಿಯಾಗಲೇ ಇಲ್ಲ.

ಬದಿಯಡ್ಕದ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು. ನೂರು ವರ್ಷ ದಾಟಿದ ಬದುಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಅವರು ಈ ಒಂದು ಮಾತನ್ನು ಬಿಡಲಿಲ್ಲ. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗಲೂ ಬಿಡಲಿಲ್ಲ. ಮೇಷ್ಟ್ರಾಗಿ, ಕವಿಯಾಗಿ, ಕೃಷಿಕರಾಗಿ ಅವರು ಬದುಕಿದ ರೀತಿಗೆ ನಾನು ತಲೆಬಾಗುತ್ತೇನೆ. ಮಹಾಜನ್ ವರದಿ ನ್ಯಾಯವಾದದ್ದು ಎಂದು ನಾನೂ ನಂಬಿದ್ದೇನೆ.

ಹಾಗಾದರೆ ನಾನು ಯಾಕೆ ಅದನ್ನೇ ಬರೆಯುವುದಿಲ್ಲ? ನಾನು ಕೆಲಸ ಮಾಡಿದ್ದು ಮಕ್ಕಳ ನಡುವೆ. ವಿಲೀನ ಆಗುವವರೆಗೆ ಕಾಯಲು ಆರನೇ ತರಗತಿಯ ಮಗುವಿಗೆ ಆಗುವುದಿಲ್ಲ. ಅದಕ್ಕೆ ಈ ಜೂನ್ ತಿಂಗಳಲ್ಲೇ ಕನ್ನಡ ಬಲ್ಲ ವಿಜ್ಞಾನದ ಟೀಚರ್ ಬೇಕು. ಕರ್ನಾಟಕದಿಂದ ಬಂದವರು ವೇದಿಕೆಯಲ್ಲಿ ವಿಲೀನದ ಮಾತಾಡಿ, ಹಾರ ಹಾಕಿಸಿಕೊಂಡು, ಸಂಜೆ ಮಂಗಳೂರಿಗೆ ವಾಪಸಾಗುತ್ತಾರೆ. ಮರುದಿನ ಆ ಶಾಲೆಯಲ್ಲಿ ಹುದ್ದೆ ಖಾಲಿಯೇ ಇರುತ್ತದೆ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಕ ಮಾಡಿದ್ದಕ್ಕೆ ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನಲ್ಲಿ ಕೂತದ್ದು ಒಂದೆರಡು ಕಡೆ ಅಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ. ನಿನ್ನ ವಯಸ್ಸಿನವರು ನಕ್ಷೆಯ ಬಗ್ಗೆ ಕೇಳುವಷ್ಟೇ ಜೋರಾಗಿ ಆ ಹುದ್ದೆಯ ಬಗ್ಗೆಯೂ ಕೇಳಿದರೆ ನನಗೆ ತುಂಬಾ ಸಂತೋಷ.

ಮಂಜೇಶ್ವರದಲ್ಲಿ ಕನ್ನಡದ ಹೆಸರಿನಲ್ಲಿ ಈಗಲೂ ಓಟು ಬೀಳುತ್ತದಾ?
— ಉಡುಪಿಯ ಓದುಗರು

ಹಿಂದಿನ ಹಾಗೆ ಇಲ್ಲ. ಈಗ ಪಕ್ಷಗಳ ಲೆಕ್ಕಾಚಾರವೇ ಜಾಸ್ತಿ. ಆದರೆ ಅಂತರ ತೀರಾ ಕಡಿಮೆ ಇರುವ ಕ್ಷೇತ್ರ ಇದು. 2016ರಲ್ಲಿ ಗೆಲುವಿನ ಅಂತರ 89 ಓಟು. 2021ರಲ್ಲಿ 745. ಹೀಗಿರುವಾಗ ಒಂದು ಕನ್ನಡ ಶಾಲೆಯ ಹೆತ್ತವರು ಒಟ್ಟಾಗಿ ಹೋಗಿ ಕೇಳಿದರೂ ಅಭ್ಯರ್ಥಿ ಕಿವಿಗೊಡಲೇಬೇಕು. 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಪಕ್ಷ ಯಾವುದೇ ಇರಲಿ, ಟಿವಿಯಲ್ಲಿ ಅದನ್ನು ಕೇಳಿದಾಗ ನನಗೆ ಕಣ್ಣು ತುಂಬಿ ಬಂತು. ಕನ್ನಡ ಒಂದು ಜಾತಿಗೆ, ಒಂದು ಧರ್ಮಕ್ಕೆ, ಒಂದು ಪಕ್ಷಕ್ಕೆ ಸೇರಿದ್ದು ಎಂದು ಯಾರಾದರೂ ಹೇಳಿದರೆ ಮಂಜೇಶ್ವರದ ಕಡೆ ಕೈ ತೋರಿಸಿ.

ಟೀಚರ್, ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕು. ಅತ್ತೆ ಕನ್ನಡ ಶಾಲೆ ಎನ್ನುತ್ತಾರೆ, ಗಂಡ ಇಂಗ್ಲಿಷ್ ಮೀಡಿಯಂ ಎನ್ನುತ್ತಾರೆ. ಕೇರಳದಲ್ಲಿ ಕೆಲಸ ಬೇಕಾದರೆ ಮಲಯಾಳವೇ ಬೇಕು ಎಂದು ತಮ್ಮ ಹೇಳುತ್ತಾನೆ. ನನಗೆ ತಲೆ ಕೆಟ್ಟಿದೆ.
— ಕುಂಬಳೆಯ ಒಬ್ಬ ತಾಯಿ

ನಿಮ್ಮ ಪತ್ರವನ್ನು ನಾನು ಹಲವು ಸಲ ಓದಿದೆ. ಇದು ನಮ್ಮ ಊರಿನ ಪ್ರತಿ ಮನೆಯ ಮಾತು. ನಿಮ್ಮ ಮನೆಯ ಮೂವರೂ ಹೇಳುವುದರಲ್ಲಿ ಒಂದೊಂದು ನಿಜ ಇದೆ.

ತಮ್ಮನ ಮಾತಿನಿಂದ ಶುರು ಮಾಡೋಣ. ಮಲಯಾಳ ಖಂಡಿತ ಕಲಿಸಿ. ನಾವು ಬದುಕುವ ರಾಜ್ಯದ ಭಾಷೆ ಅದು. ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ, ರೇಷನ್ ಅಂಗಡಿಯ ನೋಟಿಸು, ಎಲ್ಲದಕ್ಕೂ ಬೇಕು. ನಮ್ಮ ತಲೆಮಾರಿನ ಕೆಲವರು ಹಟಕ್ಕೆ ಬಿದ್ದು ಮಲಯಾಳ ಅಕ್ಷರ ಕಲಿಯಲಿಲ್ಲ. ಅದರಿಂದ ಕಷ್ಟಪಟ್ಟದ್ದು ಅವರೇ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ನಾವು ಜಿಲ್ಲಾಧಿಕಾರಿ ಕಚೇರಿಯ ಮುಂದೆ ನಿಂತೆವು. ನಮ್ಮ ವಿರೋಧ ಮಲಯಾಳಕ್ಕೆ ಅಲ್ಲ. ಕನ್ನಡ ಮಾಧ್ಯಮದ ಮಗುವಿನ ಮೇಲೆ ಅದನ್ನು ಹೇರಿ, ಕನ್ನಡದ ಪಿರಿಯಡ್ ಕಿತ್ತುಕೊಳ್ಳಬಾರದು ಎಂದು. ಆಟದ ಮೈದಾನದಲ್ಲಿ, ಪಕ್ಕದ ಮನೆಯಲ್ಲಿ ಮಕ್ಕಳು ಮಾತಾಡಲು ತಾವಾಗಿಯೇ ಕಲಿಯುತ್ತಾರೆ. ಅಕ್ಷರ ಮಾತ್ರ ನಾವು ಕಲಿಸಬೇಕು.

ಈಗ ಇಂಗ್ಲಿಷ್. ನಿಮ್ಮ ಗಂಡನ ಆತಂಕ ನನಗೆ ಗೊತ್ತು. ಗಲ್ಫಿಗೆ, ಬೆಂಗಳೂರಿಗೆ ಹೋಗಿ ದುಡಿಯುವ ಊರು ನಮ್ಮದು. ಆದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಣಿತ ಕಲಿಸಿದವಳಾಗಿ ಹೇಳುತ್ತೇನೆ: ಅರ್ಥವಾಗದ ಭಾಷೆಯಲ್ಲಿ ಭಿನ್ನರಾಶಿ ಕಲಿತ ಮಗು ಅದನ್ನು ಬಾಯಿಪಾಠ ಮಾಡುತ್ತದೆ, ಬಿಡಿಸುವುದಿಲ್ಲ. ‘ಅರ್ಧದ ಅರ್ಧ ಕಾಲು’ ಎಂದರೆ ಒಂದನೇ ತರಗತಿಯ ಮಗುವಿಗೂ ಗೊತ್ತು. ಹತ್ತನೇ ತರಗತಿಗೆ ಬರುವಾಗ ಇಂಗ್ಲಿಷ್ ಮೀಡಿಯಂನಿಂದ ನನ್ನ ಹತ್ತಿರ ಮನೆಪಾಠಕ್ಕೆ ಬರುತ್ತಿದ್ದ ಮಕ್ಕಳ ತೊಂದರೆ ಬಹಳ ಸಲ ಗಣಿತದ್ದಾಗಿರಲಿಲ್ಲ, ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವುದೇ ಕಷ್ಟವಾಗಿತ್ತು.

ಹಾಗೆಂದು ಕಣ್ಣುಮುಚ್ಚಿ ಕನ್ನಡ ಶಾಲೆಗೆ ಹಾಕಿ ಎನ್ನುವುದಿಲ್ಲ. ಶಾಲೆಗೆ ಹೋಗಿ ನೋಡಿ. ಒಂದನೇ ತರಗತಿಗೆ ಯಾರು ಕಲಿಸುತ್ತಾರೆ? ಅವರಿಗೆ ಕನ್ನಡ ಓದಲು, ಬರೆಯಲು ಬರುತ್ತದಾ? ಯಾವ ಹುದ್ದೆ ಖಾಲಿ ಇದೆ? ದಿನಗೂಲಿಯ ಟೀಚರ್ ಎಷ್ಟು ಮಂದಿ? ಪಠ್ಯಪುಸ್ತಕ ಕಳೆದ ವರ್ಷ ಯಾವ ತಿಂಗಳಲ್ಲಿ ಬಂತು? ಕನ್ನಡದ ಪುಸ್ತಕ ತಡವಾಗುವುದು ನಮ್ಮಲ್ಲಿ ಹಳೆಯ ರೋಗ. ಇವನ್ನೆಲ್ಲ ಕೇಳುವುದು ನಿಮ್ಮ ಹಕ್ಕು. ಸಂವಿಧಾನದ 350ಎ ವಿಧಿ ಇರುವುದೇ ಅದಕ್ಕೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಎಂದು ಅದು ಹೇಳುತ್ತದೆ. ನಾವು ಕೇರಳಕ್ಕೆ ಸೇರಿದ ಅದೇ 1956ರಲ್ಲಿ ಆ ವಿಧಿಯೂ ಸಂವಿಧಾನಕ್ಕೆ ಸೇರಿತು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಕನ್ನಡದ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವ ವ್ಯವಸ್ಥೆ ಕೇರಳದಲ್ಲಿದೆ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಎಂ.ಎ. ವರೆಗೂ ಇದೆ. ದಾರಿ ಮುಚ್ಚಿಲ್ಲ.

ನನ್ನನ್ನು ಕೇಳಿದರೆ ನಿಮ್ಮ ಅತ್ತೆಯವರ ಮಾತಿನ ಕಡೆ ನಾನು. ಜೊತೆಗೆ ಇಂಗ್ಲಿಷಿಗೆ ದಿನಾ ಮನೆಯಲ್ಲಿ ಅರ್ಧ ಗಂಟೆ ಕೊಡಿ. ಗಂಡನ ಜೊತೆ ಜಗಳ ಬೇಡ. ಅವರನ್ನೂ ಶಾಲೆಗೆ ಕರೆದುಕೊಂಡು ಹೋಗಿ, ಟೀಚರ್ ಹತ್ತಿರ ಮಾತಾಡಿಸಿ.

ಕಚೇರಿಯ ಅರ್ಜಿ ಮಲಯಾಳದಲ್ಲಿದ್ದರೆ ಓದಲು ಬರುವವರ ಹತ್ತಿರ ತುಂಬಿಸಿದರಾಯಿತು. ಇದಕ್ಕೆಲ್ಲ ಹೋರಾಟ ಬೇಕಾ?
— ಕಲಬುರಗಿಯ ಓದುಗರು

ನಮ್ಮ ಪಂಚಾಯತಿನಲ್ಲೇ ಪಡ್ರೆ, ಸ್ವರ್ಗ ಎನ್ನುವ ಊರುಗಳಿವೆ. ಎಂಡೋಸಲ್ಫಾನ್ ಕೀಟನಾಶಕದ ಸುದ್ದಿಯಲ್ಲಿ ನೀವು ಆ ಹೆಸರು ಕೇಳಿರಬಹುದು. ಸರ್ಕಾರಿ ನಿಗಮದ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದರು. ಕೆಳಗೆ ತೋಡು, ಬಾವಿ, ಮನೆ, ಶಾಲೆ. ಹುಟ್ಟುವಾಗಲೇ ನಡೆಯಲಾಗದ, ಮಾತು ಬಾರದ ಮಕ್ಕಳ ಮನೆಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು. ಆ ಹಣಕ್ಕಾಗಿ ಜನ ಮತ್ತೆ ವರ್ಷಗಟ್ಟಲೆ ಅಲೆದರು. 2022ರಲ್ಲಿ ಕೋರ್ಟ್ ಸರ್ಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಈಗ ಯೋಚಿಸಿ. ಅಂಥ ಮನೆಯ ತಾಯಿ, ತುಳು ಮಾತಾಡುವವಳು, ಕನ್ನಡ ಮಾತ್ರ ಓದಬಲ್ಲವಳು. ವೈದ್ಯಕೀಯ ಶಿಬಿರದ ಸೂಚನೆ ಮಲಯಾಳದಲ್ಲಿ ಬರುತ್ತದೆ. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಓದಲು ಇನ್ನೊಬ್ಬರು ಬೇಕು. ಕಾಯಿಲೆಯ ಮಗುವನ್ನು ಮನೆಯಲ್ಲಿ ಬಿಟ್ಟು ಆ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಬೇಕು. ಒಂದು ಮನೆಗೆ ಬಂದ ಕಾಗದವನ್ನು ನಾನೇ ಓದಿ ಹೇಳಿದಾಗ, ಅದರಲ್ಲಿದ್ದ ದಿನಾಂಕ ಆಗಲೇ ದಾಟಿತ್ತು. ಆ ಅಮ್ಮ ಏನೂ ಹೇಳದೆ ಕಾಗದ ಮಡಚಿಟ್ಟರು. ಇದು ಅಭಿಮಾನದ ಪ್ರಶ್ನೆ ಎಂದು ನಿಮಗೆ ಅನ್ನಿಸುತ್ತದಾ?

ಸಂವಿಧಾನದ 350ನೇ ವಿಧಿಯ ಪ್ರಕಾರ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾರು ಬೇಕಾದರೂ ದೂರು, ಮನವಿ ಕೊಡಬಹುದು. ನಮ್ಮವರಿಗೆ ನಾನು ಹೇಳುವುದು: ಮನವಿ ಕನ್ನಡದಲ್ಲೇ ಬರೆಯಿರಿ, ಸ್ವೀಕೃತಿ ಕೇಳಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಕನ್ನಡ ಬಲ್ಲ ಗುಮಾಸ್ತರ ಹುದ್ದೆಗಳು ಉಳಿಯುವುದು ಕನ್ನಡದ ಅರ್ಜಿಗಳು ಮೇಜಿನ ಮೇಲೆ ಇದ್ದರೆ ಮಾತ್ರ.

2020ರಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿದ್ದನ್ನು ನೀವು ಮರೆತಿದ್ದೀರಾ?
— ಮೈಸೂರಿನ ಓದುಗರು

ಮರೆತಿಲ್ಲ. ಮರೆಯಬಾರದು ಕೂಡ.

ಕಾಯಿಲೆ ಎಂದರೆ ನಮಗೆ ಮಂಗಳೂರು. ಹೆರಿಗೆ, ಡಯಾಲಿಸಿಸ್, ಹೃದಯದ ತೊಂದರೆ ಎಲ್ಲಕ್ಕೂ ಮಂಗಳೂರು, ದೇರಳಕಟ್ಟೆ. ತಿರುವನಂತಪುರ ಸುಮಾರು 600 ಕಿಲೋಮೀಟರ್ ದೂರ. ಮಾರ್ಚ್ ತಿಂಗಳಲ್ಲಿ ರಸ್ತೆಗಳಿಗೆ ಮಣ್ಣು ಸುರಿದರು. ಹೆದ್ದಾರಿ ಮಾತ್ರ ಅಲ್ಲ, ಒಳದಾರಿಗಳನ್ನೂ ಮುಚ್ಚಿದರು. ಆಂಬುಲೆನ್ಸ್ ತಲಪಾಡಿಯಲ್ಲಿ ನಿಂತಿತು. ಚಿಕಿತ್ಸೆ ಸಿಗದೆ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಮೇಲೊಂದು ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರಸ್ತೆ ತೆರೆಯಲು ಹೇಳಿತು. ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಯಿತು.

ಆಗ ಕೊರೊನಾ ಹೆದರಿಕೆ ಎಲ್ಲರಿಗೂ ಇತ್ತು. ಕಾಸರಗೋಡಿನಲ್ಲಿ ಪ್ರಕರಣಗಳೂ ಹೆಚ್ಚಿದ್ದವು. ಅದನ್ನು ಒಪ್ಪುತ್ತೇನೆ. ಆದರೆ ಕನ್ನಡಕ್ಕಾಗಿ ಅರುವತ್ತು ವರ್ಷಕ್ಕೂ ಮೇಲೆ ಕರ್ನಾಟಕದ ಕಡೆ ಮುಖ ಮಾಡಿ ಕೂತ ಜನರಿಗೆ, ಅದೇ ಕಡೆಯಿಂದ ಮಣ್ಣಿನ ಗೋಡೆ ಬಂದರೆ ಏನನ್ನಿಸಬೇಕು? ನನ್ನ ಶಿಷ್ಯನೊಬ್ಬ ಫೋನ್ ಮಾಡಿ, ‘ಟೀಚರ್, ನಾವು ಯಾರಿಗೂ ಬೇಡವಾ?’ ಎಂದು ಕೇಳಿದ. ಅವನ ಅಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೇರಳದ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಪೆರ್ಲಕ್ಕೂ ಬದಿಯಡ್ಕಕ್ಕೂ ನಡುವೆ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಅದರ ಬಾಗಿಲು ತೆರೆದದ್ದು 2020ರ ಏಪ್ರಿಲಿನಲ್ಲಿ, ಕೋವಿಡ್ ಆಸ್ಪತ್ರೆಯಾಗಿ. ಗಡಿ ಮುಚ್ಚಿದ ಮೇಲೆ ಗಡಿಬಿಡಿಯಲ್ಲಿ ತೆರೆದರು. ನಡುವಿನ ಆ ವರ್ಷಗಳು ಎಲ್ಲಿ ಹೋದವು? ಜಿಲ್ಲೆಯ ತುದಿಯಲ್ಲಿರುವವರನ್ನು ರಾಜಧಾನಿ ಮರೆಯುತ್ತದೆ. ಎರಡೂ ರಾಜಧಾನಿಗಳು ಮರೆಯುತ್ತವೆ.

ನಾನು ಕಾನೂನು ವಿದ್ಯಾರ್ಥಿನಿ. ಕೇಶವಾನಂದ ಭಾರತಿ ಪ್ರಕರಣ ಓದುತ್ತಿದ್ದೇವೆ. ಎಡನೀರು ನಿಮಗೆ ಹತ್ತಿರವಲ್ಲವಾ? ಅಲ್ಲಿ ಏನಿದೆ?
— ಧಾರವಾಡದ ಓದುಗರು

ಹತ್ತಿರವೇ. ನೀವು ಪುಸ್ತಕದಲ್ಲಿ ಓದುವುದು ಕೇರಳದ ಭೂಸುಧಾರಣೆ, 13 ನ್ಯಾಯಾಧೀಶರ ಪೀಠ, 1973ರ ಏಪ್ರಿಲ್ 24ರ ತೀರ್ಪು, ಏಳಕ್ಕೆ ಆರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ಮಾತು ಅಲ್ಲಿಂದ ಬಂತು. ನಮಗೆ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಎಂದರೆ ಯಕ್ಷಗಾನದ ಪದ ಹಾಡುತ್ತಿದ್ದವರು, ಸಂಗೀತ ಗೊತ್ತಿದ್ದವರು, ಕನ್ನಡ ಶಾಲೆ ನಡೆಸಿದವರು. 2020ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ಮಠಕ್ಕೆ ಬನ್ನಿ, ಪೆರ್ಲಕ್ಕೂ ಬನ್ನಿ. ದೇಶದ ಅಷ್ಟು ದೊಡ್ಡ ತೀರ್ಪಿನ ಹೆಸರು ನಮ್ಮ ಊರಿನ ಒಬ್ಬ ಕನ್ನಡದ ಸನ್ಯಾಸಿಯದ್ದು ಎನ್ನುವುದು ನನಗೆ ಇವತ್ತಿಗೂ ಹೆಮ್ಮೆ.

ಪ್ಲಸ್ ಟು ಓದುತ್ತಿದ್ದೇನೆ. ಕರ್ನಾಟಕದ ಸಿಇಟಿ ಬರೆಯಬಹುದಾ?
— ಬದಿಯಡ್ಕದ ವಿದ್ಯಾರ್ಥಿ

ಬರೆಯಬಹುದು. ಕನ್ನಡ ಅಥವಾ ತುಳು ಮಾತೃಭಾಷೆಯ ಕಾಸರಗೋಡಿನವರಿಗೆ ಗಡಿನಾಡು ಕನ್ನಡಿಗರ ವಿಭಾಗದಲ್ಲಿ ಅರ್ಜಿ ಹಾಕುವ ಅವಕಾಶ ಇದೆ. ತಾಲ್ಲೂಕು ಕಚೇರಿಯಿಂದ ವಾಸ ಮತ್ತು ಮಾತೃಭಾಷೆಯ ಪ್ರಮಾಣಪತ್ರ ಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. ಆ ವರ್ಷದ ಮಾಹಿತಿ ಪುಸ್ತಕ ಬಂದ ದಿನವೇ ಷರತ್ತುಗಳನ್ನು ಓದು, ನಮೂನೆ ಅದರಲ್ಲೇ ಇರುತ್ತದೆ. ಪ್ರಮಾಣಪತ್ರಕ್ಕೆ ಕೊನೆ ವಾರದಲ್ಲಿ ಓಡಬೇಡ. ಸಂಶಯ ಇದ್ದರೆ ನಿಮ್ಮ ಕನ್ನಡ ಟೀಚರನ್ನು ಕೇಳು, ಪ್ರತಿ ವರ್ಷ ಅವರು ಇದನ್ನು ಮಾಡಿಸಿರುತ್ತಾರೆ.

ನಮ್ಮ ಸಂಘದಿಂದ ಕಾಸರಗೋಡಿನ ಕನ್ನಡ ಶಾಲೆಗಳಿಗೆ ಪುಸ್ತಕ ಕೊಡಬೇಕೆಂದಿದ್ದೇವೆ. ಯಾವುದು ಕಳಿಸಬೇಕು?
— ದಾವಣಗೆರೆಯ ಓದುಗರು

ಎಷ್ಟು ಒಳ್ಳೆಯ ಯೋಚನೆ! ಮೊದಲು ಒಂದೇ ಶಾಲೆ ಆರಿಸಿಕೊಳ್ಳಿ. ಹತ್ತು ಶಾಲೆಗೆ ಹತ್ತತ್ತು ಪುಸ್ತಕ ಹಂಚುವುದಕ್ಕಿಂತ ಒಂದು ಶಾಲೆಗೆ ನೂರು ಪುಸ್ತಕ ಹೋದರೆ ಅಲ್ಲಿ ಒಂದು ಕಪಾಟು ತುಂಬುತ್ತದೆ, ಮಕ್ಕಳು ಮನೆಗೆ ಒಯ್ಯಬಹುದು. ಅಭಿನಂದನಾ ಗ್ರಂಥ, ಸ್ಮರಣಸಂಚಿಕೆ ಬೇಡ. ಚಿತ್ರ ಇರುವ ಸಣ್ಣ ಕಥೆ ಪುಸ್ತಕ, ವಿಜ್ಞಾನದ ಪುಸ್ತಕ, ಕನ್ನಡ ನಿಘಂಟು, ಮಕ್ಕಳ ಪತ್ರಿಕೆಗೆ ಒಂದು ವರ್ಷದ ಚಂದಾ ಕೊಡಿ. ಕೇರಳದ ಪಠ್ಯಕ್ರಮ ಬೇರೆ, ಆದ್ದರಿಂದ ಕರ್ನಾಟಕದ ಗೈಡುಗಳು ಉಪಯೋಗಕ್ಕೆ ಬರುವುದಿಲ್ಲ. ಗಣಿತ, ವಿಜ್ಞಾನದ ಟೀಚರ್‌ಗಳಿಗೆ ಕನ್ನಡದ ಆಕರ ಪುಸ್ತಕಗಳ ಕೊರತೆ ಬಹಳ ಇದೆ, ಅದನ್ನು ಮುಖ್ಯೋಪಾಧ್ಯಾಯರಿಂದ ಪಟ್ಟಿ ತರಿಸಿಕೊಂಡು ಕೊಡಿ. ಸಾಧ್ಯವಾದರೆ ನಿಮ್ಮಲ್ಲಿ ಒಬ್ಬರು ಬಂದು ಮಕ್ಕಳಿಗೆ ಒಂದು ಕಥೆ ಓದಿ ಹೇಳಿ. ದಾವಣಗೆರೆಯ ಕನ್ನಡ ಕೇಳುವುದು ನಮ್ಮ ಮಕ್ಕಳಿಗೆ ಖುಷಿಯ ವಿಷಯ. ಅವರ ಕನ್ನಡ ಕೇಳಿ ನೀವೂ ಖುಷಿಪಡುತ್ತೀರಿ. ನಮ್ಮಲ್ಲಿ ಏಪ್ರಿಲ್, ಮೇ ರಜೆ. ಜೂನ್ ಮೊದಲಿಗೆ ಶಾಲೆ ಶುರು, ಆದರೆ ಆಗ ಮಳೆ ಜೋರು, ಪುಸ್ತಕ ನೆನೆಯುತ್ತದೆ. ಸೆಪ್ಟೆಂಬರಿನಲ್ಲಿ ಓಣಂ ರಜೆ ಕಳೆದ ಮೇಲೆ ಬನ್ನಿ. ಬರುವ ಮೊದಲು ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿ, ಶಾಲೆಯವರ ಹತ್ತಿರ ನಾನು ಮಾತಾಡಿ ಇಡುತ್ತೇನೆ.